ಜಗಲಿಯ ಮೇಲಿನ ಸಣ್ಣ ಪಂಜರ

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ವೇಣೂರಿನ ಮೊಯ್ದೀನ್ ತನ್ನ ಅಂಗಡಿಯಿಂದ ಇಳಿದು, ರಸ್ತೆ ದಾಟಿ, ಎದುರು ಮನೆಯ ಗೇಟು ತೆಗೆದ. ಆ ಮನೆಯ ವಸುಧಾ ಟೀಚರ್ ಶಾಲೆಯಿಂದ ಫೋನ್ ಮಾಡಿದ್ದಳು. ಗಂಡ ಫೋನ್ ಎತ್ತುತ್ತಿಲ್ಲ, ಒಮ್ಮೆ ಹೋಗಿ ನೋಡ್ತೀರಾ ಎಂದು ಕೇಳಿದ್ದಳು.

ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ನೀರು ಬೀಳುವ ಸದ್ದು. ಮೊಯ್ದೀನ್ ಮೂರು ಸಲ ಕರೆದ. ಬಚ್ಚಲುಮನೆಯ ಬಾಗಿಲಿಗೆ ಹೆಗಲು ಕೊಟ್ಟ.

ಗಣೇಶಪ್ರಸಾದ್ ನೆಲದ ಮೇಲೆ ಬಿದ್ದಿದ್ದ. ಐವತ್ತೊಂದು ವರ್ಷ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಶನಿವಾರದ ಎಣ್ಣೆಸ್ನಾನಕ್ಕೆ ಹೋದವನ ಮೈಮೇಲೆ ಎಣ್ಣೆ ಹಾಗೇ ಇತ್ತು. ಗೋಡೆಯಲ್ಲಿ ಗ್ಯಾಸ್ ಗೀಸರ್ ಇನ್ನೂ ಉರಿಯುತ್ತಿತ್ತು.

ಠಾಣೆಯಿಂದ ಬಂದವನು ಹೆಡ್ ಕಾನ್‌ಸ್ಟೇಬಲ್ ಚನಿಯಪ್ಪ. ನಿವೃತ್ತಿಗೆ ಏಳು ತಿಂಗಳು ಬಾಕಿ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅವನು ಬರೆದ ಶವಮಹಜರುಗಳು ಇನ್ನೂರು ದಾಟಿದ್ದವು. ನೇಣು, ನೀರು, ವಿಷ, ರಸ್ತೆ. ಮೊದಮೊದಲು ಊಟ ಸೇರುತ್ತಿರಲಿಲ್ಲ. ಈಗ ಹೆಣದ ಪಕ್ಕದಲ್ಲಿ ನಿಂತೇ ಚಹಾ ಕುಡಿಯುತ್ತಿದ್ದ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಕಂಡದ್ದನ್ನೆಲ್ಲ ಬರೆಯುತ್ತಿದ್ದ, ಅಷ್ಟೇ.

ಗೀಸರಿನ ಹೊಗೆಕೊಳವೆ ಕಳಚಿ ಪಕ್ಕಕ್ಕೆ ವಾಲಿದೆ ಎಂದು ಬರೆದ. ಜೂನ್ ಮಳೆಗೆ ಗವಾಕ್ಷಿಯ ಗಾಜಿನ ಪಟ್ಟಿಗಳನ್ನು ಮುಚ್ಚಲಾಗಿದೆ ಎಂದು ಬರೆದ. ಬಚ್ಚಲಿನ ಎದುರು, ಮನೆಯೊಳಗಿನ ಇಕ್ಕಟ್ಟು ಓಣಿಯಲ್ಲಿ ಗೋಡೆಗೆ ಬಿಗಿದ ದೊಡ್ಡ ಕಬ್ಬಿಣದ ಪಂಜರ, ಖಾಲಿ. ಹೊರಗೆ ಜಗಲಿಯಲ್ಲಿ ಹಿಡಿಕೆಯ ಸಣ್ಣ ಪಂಜರ. ಅದರೊಳಗೆ ಬೂದು ಬಣ್ಣದ, ಕೆಂಪು ಬಾಲದ ಗಿಳಿ ಒಂದು. ಜೀವಂತ.

* * *

ವಸುಧಾ ಶಾಲೆಯ ಸೀರೆಯಲ್ಲೇ ಕುರ್ಚಿಯಲ್ಲಿ ಕುಳಿತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಳುತ್ತಿರಲಿಲ್ಲ. ಚನಿಯಪ್ಪ ಅವಳನ್ನು ಮೊದಲೂ ಹೀಗೆ ಕಂಡಿದ್ದ. ಎರಡು ವರ್ಷದ ಹಿಂದೆ, ಇದೇ ಕುರ್ಚಿ. ಆಗ ಅವಳ ಒಬ್ಬನೇ ಮಗ ಶೋಧನ್ ಫಲ್ಗುಣಿ ಹೊಳೆಯ ಕಿಂಡಿ ಅಣೆಕಟ್ಟಿನ ಬಳಿ ಸಿಕ್ಕಿದ್ದ. ಆ ಮಹಜರನ್ನೂ ಬರೆದವನು ಚನಿಯಪ್ಪನೇ.

"ನೀವು ಎಷ್ಟು ಗಂಟೆಗೆ ಹೊರಟದ್ದು ಟೀಚರ್?"

"ಎಂಟು ಹತ್ತರ ಬಸ್ಸು. ಅವರು ಆಗ ಪೇಪರ್ ಓದುತ್ತಾ ಇದ್ದರು."

"ಗೀಸರ್?"

"ಹದಿನೈದು ದಿವಸದ ಹಿಂದೆ ರಿಪೇರಿ ಮಾಡಿಸಿದ್ದು. ಮೂಡುಬಿದಿರೆಯಿಂದ ಬಂದಿದ್ದ, ಸಾಬಿತ್ ಅಂತ."

"ಗಿಳಿಯನ್ನು ಹೊರಗೆ ಇಟ್ಟದ್ದು ಯಾರು?"

"ಅವರೇ ಇಟ್ಟಿರಬೇಕು. ಅದು ಶೋಧನ್‌ದು. ಅವನು ಹೋದ ಮೇಲೆ ಯಾರ ಹತ್ತಿರವೂ ಹೋಗುವುದಿಲ್ಲ. ನಾನಂತೂ ಮುಟ್ಟಿದ್ದೇ ಇಲ್ಲ."

ಆ ಹೊತ್ತಿಗೆ ಮನೆ ತುಂಬ ಜನ. ಗಿಳಿ ಪಂಜರದ ಮೂಲೆಯಲ್ಲಿ ಮುದುಡಿ ನಡುಗುತ್ತಿತ್ತು. ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡು ಚರ್ಮ ಕಾಣುತ್ತಿತ್ತು.

"ಇದನ್ನು ನೋಡುವವರು ಯಾರೂ ಇಲ್ಲ," ಎಂದಳು ವಸುಧಾ. "ನೀವು ಕೊಂಡುಹೋಗ್ತೀರಾ? ಸ್ವಲ್ಪ ದಿವಸಕ್ಕೆ. ನೆನೆಸಿದ ಹೆಸರುಕಾಳು ತಿನ್ನುತ್ತದೆ. ಕೈಯನ್ನು ಮೇಲಿನಿಂದ ತರಬೇಡಿ, ಕೆಳಗಿನಿಂದ ತನ್ನಿ. ಬಾಗಿಲು ಬಡಿಯಬೇಡಿ."

"ಹೆಸರೇನು?"

"ಸಿಮೆಂಟು. ಬಣ್ಣ ನೋಡಿ ಅವನೇ ಇಟ್ಟದ್ದು."

ಚನಿಯಪ್ಪ ಅಭ್ಯಾಸಬಲದಿಂದ ಅದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡ.

* * *

ಮರಣೋತ್ತರ ಪರೀಕ್ಷೆಯ ವರದಿ ಬಂತು. ಗೀಸರಿನ ವಿಷಾನಿಲ ಕುಡಿದು ಸಾವು. ಎಸ್.ಐ. ಉಜ್ವಲ್‌ಗೆ ಅಷ್ಟು ಸಾಕಾಯಿತು. ಸಾಬಿತ್‌ನ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಕೇಸು ಬಿತ್ತು.

"ಕೊಳವೆಗೆ ಎರಡು ಸ್ಕ್ರೂ ಹಾಕಿದ್ದೇನೆ ಸಾರ್," ಎಂದ ಸಾಬಿತ್. ನಲವತ್ತರ ಹತ್ತಿರದ ಮನುಷ್ಯ. "ಎಳೆದರೂ ಬರುವುದಿಲ್ಲ ಅದು."

"ಸ್ಕ್ರೂ ಎಲ್ಲಿ ಹಾಗಾದರೆ?"

ಬಚ್ಚಲಿನಲ್ಲಿ ಸ್ಕ್ರೂ ಸಿಕ್ಕಿರಲಿಲ್ಲ. ಜಾಮೀನೇನೋ ಆಯಿತು. ಆದರೆ ಅವನಿಗೆ ಮಸ್ಕತ್‌ನಿಂದ ವೀಸಾ ಬಂದಿತ್ತು. ಕೇಸು ಇರುವವನಿಗೆ ಪೊಲೀಸ್ ಸರ್ಟಿಫಿಕೇಟ್ ಸಿಗುವುದಿಲ್ಲ. ಜನ ಕೆಲಸಕ್ಕೆ ಕರೆಯುವುದನ್ನೂ ಬಿಟ್ಟರು. ಸಂಸಾರ ವಿಟ್ಲದಲ್ಲಿತ್ತು. ಅವನ ಹೆಂಡತಿ ರಶೀನಾ ವಾರಕ್ಕೊಮ್ಮೆ ಮೂರು ಬಸ್ಸು ಬದಲಿಸಿ ಠಾಣೆಗೆ ಬಂದು ಬೆಂಚಿನ ಮೇಲೆ ಕುಳಿತಿರುತ್ತಿದ್ದಳು. ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಸ್ಕ್ರೂ ಸಿಕ್ಕಿತಾ ಸಾರ್?"

* * *

ಪೊಲೀಸ್ ವಸತಿಗೃಹದಲ್ಲಿ ಚನಿಯಪ್ಪನ ಹೆಂಡತಿ ಪ್ರೇಮಾವತಿ ಗಿಳಿಯನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಹೆಣದ ಮನೆಯಿಂದ ಇದನ್ನು ಯಾಕೆ ತಂದದ್ದು ಮಾರಾಯ್ರೇ?"

"ಎರಡು ದಿವಸಕ್ಕೆ."

ಎರಡು ದಿವಸ ಎರಡು ತಿಂಗಳಾಯಿತು. ಸಣ್ಣ ಪಂಜರದಲ್ಲಿ ರೆಕ್ಕೆ ಬಿಚ್ಚಲೂ ಜಾಗವಿಲ್ಲವೆಂದು ಪ್ರೇಮಾವತಿಯೇ ಹೇಳಿ ಒಂದು ದೊಡ್ಡ ಪಂಜರ ತರಿಸಿದಳು. ಸಣ್ಣ ಪಂಜರದಿಂದ ದೊಡ್ಡದಕ್ಕೆ ಅದು ತಾನಾಗಿ ದಾಟಲು ಒಂದು ಹಗಲು ಹಿಡಿಯಿತು.

ಮೊದಲ ವಾರ ಅದು ಮನುಷ್ಯರು ಕಂಡ ಕೂಡಲೇ ಕಂಬಿಗೆ ಡಿಕ್ಕಿ ಹೊಡೆಯುತ್ತಿತ್ತು. ಕುಕ್ಕರ್ ಕೂಗಿದರೆ ಹೆದರಿಕೆ. ಕೊಡೆ ಬಿಚ್ಚಿದರೆ ಹೆದರಿಕೆ. ಪ್ರೇಮಾವತಿ ಕೋಣೆಯ ಆಚೆ ತುದಿಯಲ್ಲಿ ಮಣೆ ಹಾಕಿ, ಅದರ ಕಡೆ ಬೆನ್ನು ಮಾಡಿ ಅಲಸಂಡೆ ಮುರಿಯುತ್ತಾ ಕುಳಿತಳು. ಮರುದಿನ ಮಣೆ ಒಂದು ಗೇಣು ಮುಂದೆ. ಅದು ಗಾಬರಿಯಾದರೆ ಅರ್ಧ ಗೇಣು ಹಿಂದೆ. ಮಾತಾಡುತ್ತಿರಲಿಲ್ಲ. ಮೂರನೆಯ ವಾರ ಉದ್ದ ಚಮಚದ ತುದಿಯಲ್ಲಿ ಒಂದು ನೆಲಗಡಲೆ ಇಟ್ಟು ಹಿಡಿದಳು. ಗಿಳಿ ಕುತ್ತಿಗೆ ಚಾಚಿತು, ಹಿಂದೆ ಎಳೆಯಿತು, ಮತ್ತೆ ಚಾಚಿತು. ಹನ್ನೊಂದನೆಯ ಸಲಕ್ಕೆ ತೆಗೆದುಕೊಂಡಿತು.

"ಮಕ್ಕಳಿಗಿಂತ ಕಷ್ಟ," ಎಂದಳು ಪ್ರೇಮಾವತಿ. ಆ ದಿನ ಅವಳು ಎರಡು ಸಲ ಅದೇ ಮಾತು ಹೇಳಿದಳು.

ಚನಿಯಪ್ಪನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಎದೆಯ ಗಾಯಕ್ಕೆ ಔಷಧ ಬೇಕಿತ್ತು. ಒಂದು ಭಾನುವಾರ ಗಿಳಿಯನ್ನು ಸಣ್ಣ ಪಂಜರಕ್ಕೆ ಹಾಕಲು ಹೋದ. ಅದು ಕಿರಿಚಿದ ಕಿರಿಚಾಟಕ್ಕೆ ಇಡೀ ವಸತಿಗೃಹ ಬಂದು ಬಾಗಿಲಲ್ಲಿ ನಿಂತಿತು. ಅವನ ಹೆಬ್ಬೆರಳಿನಿಂದ ರಕ್ತ ಸುರಿಯಿತು. ಕಡೆಗೆ ಮೈ ಒರೆಸುವ ಬೈರಾಸಿನಲ್ಲಿ ಸುತ್ತಿಯೇ ಮೂಡುಬಿದಿರೆಗೆ ಒಯ್ಯಬೇಕಾಯಿತು.

ಪಶುವೈದ್ಯೆ ಡಾ. ಸುರಕ್ಷಾ ಗಿಳಿಯನ್ನು ನೋಡಿದೊಡನೆ ಗುರುತಿಸಿದಳು.

"ಇದು ಗಣೇಶಪ್ರಸಾದ್ ಅವರ ಸಿಮೆಂಟು ಅಲ್ಲವಾ? ಕಳೆದ ವರ್ಷ ಅವರೂ ಹೀಗೇ ಬೈರಾಸಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅವರ ಕೈಯೂ ಹೀಗೇ ಆಗಿತ್ತು."

ಚನಿಯಪ್ಪ ಬೆರಳಿನ ಬಟ್ಟೆ ಬಿಗಿಮಾಡುತ್ತಿದ್ದವನು ನಿಲ್ಲಿಸಿದ.

"ಅವರ ಹತ್ತಿರ ಹೋಗುತ್ತಿರಲಿಲ್ಲವಾ?"

"ಅವರನ್ನು ಕಂಡರೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿತ್ತು."

"ಇದನ್ನು ಸದ್ದಿಲ್ಲದೆ ಸಣ್ಣ ಪಂಜರಕ್ಕೆ ಹಾಕಬೇಕಾದರೆ?"

"ದಿನಾ ಕಲಿಸಬೇಕು. ಮೊದಲು ಹತ್ತಿರ ಕುಳಿತುಕೊಳ್ಳುವುದು, ಆಮೇಲೆ ಕೈಯಿಂದ ತಿನ್ನಿಸುವುದು, ಆಮೇಲೆ ಮಣಿಕಟ್ಟಿಗೆ ಹತ್ತಿಸುವುದು. ಇಂಥ ಹೆದರಿದ ಹಕ್ಕಿಗೆ ಮೂರು ನಾಲ್ಕು ತಿಂಗಳು ಬೇಕು. ಕಲಿತ ಮೇಲೆ ಆ ಒಬ್ಬರಿಗೆ ಅರ್ಧ ನಿಮಿಷದ ಕೆಲಸ."

ಚನಿಯಪ್ಪ ಇನ್ನೊಂದು ಪ್ರಶ್ನೆ ಕೇಳಿದ. ಬಚ್ಚಲಿನ ಬಾಗಿಲಿನ ಸಂದಿಯಿಂದ ಆ ಅನಿಲ ಓಣಿಗೆ ಬಂದಿದ್ದರೆ?

"ಹಕ್ಕಿಗಳ ಶ್ವಾಸಕೋಶ ಬಹಳ ಸೂಕ್ಷ್ಮ," ಎಂದಳು ಡಾಕ್ಟರ್. "ಓಣಿಯ ಪಂಜರದಲ್ಲೇ ಇದ್ದಿದ್ದರೆ ಇದು ಉಳಿಯುತ್ತಿರಲಿಲ್ಲ."

* * *

ಮೊಯ್ದೀನ್ ಅಂಗಡಿಯಲ್ಲಿ ಬೆಲ್ಲದ ಡಬ್ಬಿ ಮುಚ್ಚುತ್ತಿದ್ದ.

"ಆ ಶನಿವಾರ ಬೆಳಿಗ್ಗೆ ಗಿಳಿ ಕಿರಿಚಿತಾ ಮೊಯ್ದೀನಾಕ?"

"ಇಲ್ಲ ಮಾರಾಯ್ರೆ. ಪ್ರಸಾದಣ್ಣ ಅದರ ಹತ್ತಿರ ಹೋದರೆ ನನ್ನ ಅಂಗಡಿಗೆ ಕೇಳ್ತದೆ. ಆ ದಿವಸ ನಾನು ಆರೂವರೆಗೆ ಬಾಗಿಲು ತೆಗೆದದ್ದು. ಒಂದು ಸದ್ದಿಲ್ಲ."

ಚನಿಯಪ್ಪ ಠಾಣೆಗೆ ಹೋಗಿ ಉಜ್ವಲ್‌ನ ಮುಂದೆ ನಿಂತ. ಇನ್ನು ಹತ್ತು ದಿನದಲ್ಲಿ ಸಾಬಿತ್‌ನ ಮೇಲೆ ಆರೋಪಪಟ್ಟಿ ಹೋಗಬೇಕಿತ್ತು.

"ಗಿಳಿ ಹೊರಗಿತ್ತು, ಸರಿ," ಎಂದ ಉಜ್ವಲ್. "ಹಾಗಾದರೆ ಗಣೇಶಪ್ರಸಾದ್ ಅವರೇ ಸಾಯುವ ಮನಸ್ಸು ಮಾಡಿರಬಹುದು ಚನಿಯಪ್ಪಣ್ಣ. ಮಗ ಹೋದ ದುಃಖ. ಪಾಪದ ಹಕ್ಕಿ ಬದುಕಲಿ ಅಂತ ಹೊರಗಿಟ್ಟರು, ಕೊಳವೆ ಕಳಚಿದರು."

"ಅವರ ಕೈಯಲ್ಲಿ ಆ ಗಿಳಿಯನ್ನು ಹಿಡಿಯಲು ಆಗುತ್ತಿರಲಿಲ್ಲ ಸಾರ್. ಹೆಣದ ಕೈಯಲ್ಲಿ ಒಂದು ಗೀರೂ ಇರಲಿಲ್ಲ. ನಾನೇ ಬರೆದಿದ್ದೇನೆ."

"ಮತ್ತೆ ಯಾರು? ಟೀಚರ್ ಮುಟ್ಟಿಯೇ ಇಲ್ಲ ಅಂದರಲ್ಲ?"

ಚನಿಯಪ್ಪ ಡೈರಿ ತೆಗೆದು, ಟೀಚರ್ ಆ ದಿನ ಹೇಳಿದ್ದನ್ನು ಓದಿದ. ಕೈಯನ್ನು ಮೇಲಿನಿಂದ ತರಬೇಡಿ, ಕೆಳಗಿನಿಂದ ತನ್ನಿ.

"ಮುಟ್ಟದವರಿಗೆ ಇದು ಗೊತ್ತಾಗುವುದು ಹೇಗೆ ಸಾರ್?"

ಉಜ್ವಲ್ ಡೈರಿಯನ್ನು ತನ್ನ ಕಡೆ ತಿರುಗಿಸಿಕೊಂಡ. "ಕಾರಣ ಬೇಕಲ್ಲ ಚನಿಯಪ್ಪಣ್ಣ. ಇಪ್ಪತ್ತು ವರ್ಷದ ಸಂಸಾರ. ಒಂದು ಜಗಳದ ಮಾತನ್ನೂ ಊರಲ್ಲಿ ಯಾರೂ ಹೇಳಿಲ್ಲ."

ಅದು ಸರಿಯೇ. ಕಾರಣ ಚನಿಯಪ್ಪನಿಗೂ ಗೊತ್ತಿರಲಿಲ್ಲ.

* * *

ಕಾರಣ ಅವನ ಮನೆಗೇ ಬಂತು. ಬುಧವಾರ ಮಧ್ಯಾಹ್ನ ಅವನು ಊಟಕ್ಕೆ ಕುಳಿತಿದ್ದ. ಪ್ರೇಮಾವತಿ ಸಾರು ಬಡಿಸುತ್ತಿದ್ದಳು. ಗಿಳಿ ಆ ವಾರವಷ್ಟೇ ಅವಳ ಕೈಯಿಂದ ತಿನ್ನಲು ಕಲಿತು, ಒಂದು ಕಾಲು ಮಡಚಿ ನಿಲ್ಲುವಷ್ಟು ಹಗುರವಾಗಿತ್ತು. ಅಂಚೆಯವನು ಬಂದು ಬಾಗಿಲು ಬಡಿದ. ಕರೆಗಂಟೆ ಕೆಟ್ಟಿತ್ತು.

ಗಿಳಿಯ ಮೈ ಸೆಟೆಯಿತು. ಗರಿಗಳೆಲ್ಲ ಮೈಗೆ ಅಂಟಿದವು. ಅದು ಮೊದಲು ಬಾಗಿಲು ಬಡಿಯುವ ಸದ್ದನ್ನೇ ಮಾಡಿತು. ಮೂರು ಸಲ. ಆಮೇಲೆ ಹುಡುಗನೊಬ್ಬನ ಸ್ವರ.

"ಅಪ್ಪಾ, ಬಾಗಿಲು ತೆಗಿ."

ಮತ್ತೆ ಮೂರು ಬಡಿತ.

"ಅಪ್ಪಾ, ಒಮ್ಮೆ ತೆಗಿ."

ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು. ಗಂಡಸಿನ ಸ್ವರ, ತರಗತಿಯಲ್ಲಿ ಪಾಠ ಹೇಳುವ ಹಾಗೆ ನಿಧಾನ.

"ತೆಗೆಯುವುದಿಲ್ಲ. ನನ್ನ ಮರ್ಯಾದೆ ತೆಗೆದವನು ಎಲ್ಲಿಗೆ ಬೇಕಾದರೂ ಹೋಗು."

ಪ್ರೇಮಾವತಿಯ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಚನಿಯಪ್ಪ ಕಲಸಿದ ಅನ್ನವನ್ನು ಬಾಯಿಗಿಟ್ಟು ಅಗಿದ. ಅದು ಯಾವುದರ ಅನ್ನ, ಯಾವ ಸಾರು ಎಂದು ಅವನಿಗೆ ತಿಳಿಯಲಿಲ್ಲ. ಆ ಗಂಡಸಿನ ಸ್ವರ ಅವನಿಗೆ ಗುರುತಿತ್ತು. ಎರಡು ವರ್ಷದ ಹಿಂದೆ ಅದೇ ಸ್ವರ ಹೇಳಿದ್ದನ್ನು ಅವನು ಬರೆದುಕೊಂಡಿದ್ದ.

ಕೈ ತೊಳೆದು ಠಾಣೆಗೆ ಹೋಗಿ ಹಳೆಯ ಕಡತ ತೆಗೆಸಿದ. ಅವನದೇ ಅಕ್ಷರ. ಶೋಧನ್, ಹದಿನೇಳು ವರ್ಷ. ತಂದೆಯ ಹೇಳಿಕೆ ಹೀಗಿತ್ತು: ನಾನು ಕೆಲಸ ಮಾಡುವ ಕಾಲೇಜಿನ ಪರೀಕ್ಷಾ ಕೇಂದ್ರದಲ್ಲೇ ಮಗ ಖಾಲಿ ಉತ್ತರಪತ್ರಿಕೆ ಕೊಟ್ಟು ಎದ್ದುಹೋದ. ನಾನು ಸಂಜೆ ಮನೆಗೆ ಬಂದೆ. ಮಗ ಮನೆಗೆ ಬರಲೇ ಇಲ್ಲ. ಮಗನ ತಾಯಿ ಒಂದು ಶ್ರಾದ್ಧಕ್ಕೆಂದು ತವರಿಗೆ ಹೋಗಿದ್ದಳು.

ಎರಡು ಪುಟ ದಾಟಿ ಇನ್ನೊಂದು ಸಾಲು ಇತ್ತು. ಮೃತನ ಕಾಲು ಬರಿಗಾಲು. ಪರೀಕ್ಷೆಗೆ ಹಾಕಿಕೊಂಡು ಹೋದ ಕಪ್ಪು ಶೂ ಮನೆಯ ಜಗಲಿಯ ಮೆಟ್ಟಿಲ ಬಳಿ ಇದೆ, ಒಳಗೆ ಕಾಲುಚೀಲ.

ಚನಿಯಪ್ಪ ಆ ಎರಡು ಪುಟಗಳನ್ನು ಹಿಂದೆ ಮುಂದೆ ತಿರುಗಿಸಿದ. ಮನೆಗೆ ಬರಲೇ ಇಲ್ಲದ ಹುಡುಗನ ಶೂ ಜಗಲಿಗೆ ಬಂದದ್ದು ಹೇಗೆಂದು ಅವನು ಆ ದಿನ ಕೇಳಿರಲಿಲ್ಲ.

* * *

ಮರುದಿನ ಬೆಳಿಗ್ಗೆ ಉಜ್ವಲ್, ಚನಿಯಪ್ಪ ಮತ್ತು ಒಬ್ಬಳು ಮಹಿಳಾ ಕಾನ್‌ಸ್ಟೇಬಲ್ ವಸುಧಾಳ ಮನೆಗೆ ಹೋದರು. ಗಿಳಿಯ ದೊಡ್ಡ ಪಂಜರವನ್ನು ಜೀಪಿನಿಂದ ಇಳಿಸಿ ಚಾವಡಿಯಲ್ಲಿ ಇಟ್ಟರು. ಎರಡು ಮಾರು ದೂರದಲ್ಲಿ ಸಣ್ಣ ಪಂಜರ.

"ಇದನ್ನು ಡಾಕ್ಟರ ಹತ್ತಿರ ಒಯ್ಯಬೇಕು ಟೀಚರ್," ಎಂದ ಚನಿಯಪ್ಪ. "ನಮ್ಮ ಕೈಯಲ್ಲಿ ಆಗುವುದಿಲ್ಲ. ಸ್ವಲ್ಪ ಸಣ್ಣ ಪಂಜರಕ್ಕೆ ಹಾಕಿಕೊಡ್ತೀರಾ?"

"ನನ್ನ ಹತ್ತಿರ ಬರುವುದಿಲ್ಲ ಅಂತ ಹೇಳಿದ್ದೇನಲ್ಲ."

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಚನಿಯಪ್ಪ ದೊಡ್ಡ ಪಂಜರದ ಬಾಗಿಲು ತೆಗೆದು ಗೋಡೆಯ ಕಡೆ ಸರಿದ.

ಸಿಮೆಂಟು ಬಾಗಿಲಿಗೆ ಬಂತು. ತಲೆ ವಾರೆ ಮಾಡಿ ಒಂದು ಕಣ್ಣಿನಿಂದ ನೋಡಿತು. ಕಂಬಿ ಹಿಡಿದು ನೆಲಕ್ಕೆ ಇಳಿಯಿತು. ಕಪ್ಪು ಉಗುರುಗಳ ಟಕಟಕ ಸದ್ದು ಮಾಡುತ್ತಾ ಚಾವಡಿಯ ಉದ್ದಕ್ಕೂ ನಡೆದು ವಸುಧಾಳ ಪಾದದ ಮುಂದೆ ನಿಂತಿತು. ಒಂದು ಕಾಲನ್ನು ಮೇಲಕ್ಕೆ ಎತ್ತಿ ಹಿಡಿಯಿತು.

ಗಿಳಿ ಎತ್ತಿದ ಕಾಲನ್ನು ಇಳಿಸಲಿಲ್ಲ. ಅದರ ಮೈ ಸಣ್ಣಗೆ ನಡುಗತೊಡಗಿತು.

ವಸುಧಾ ಬಗ್ಗಿದಳು. ಕೈಯನ್ನು ಕೆಳಗಿನಿಂದ ತಂದಳು. ಗಿಳಿ ಮಣಿಕಟ್ಟು ಹತ್ತಿತು. ಅವಳು ಸಣ್ಣ ಪಂಜರದ ಬಳಿ ಹೋಗಿ ನಾಲಗೆಯಿಂದ ಒಮ್ಮೆ ಟಕ್ ಎಂದಳು. ಗಿಳಿ ತಾನಾಗಿ ಒಳಗೆ ಹೋಗಿ ಕುಳಿತಿತು. ಒಂದು ಗರಿಯೂ ಉದುರಲಿಲ್ಲ.

ಉಜ್ವಲ್ ಚನಿಯಪ್ಪನ ಹೆಬ್ಬೆರಳಿನ ಗಾಯವನ್ನು ನೋಡಿದ.

"ಆ ಶನಿವಾರವೂ ಹೀಗೇ ಆದದ್ದು ಅಲ್ಲವಾ ಟೀಚರ್?" ಎಂದ ಚನಿಯಪ್ಪ. "ಓಣಿಯಲ್ಲಿ ಇದ್ದರೆ ಇದು ಸಾಯುತ್ತದೆ ಅಂತ ವಿಜ್ಞಾನ ಕಲಿಸುವ ನಿಮಗೆ ಗೊತ್ತಿತ್ತು. ಗೋಡೆಗೆ ಬಿಗಿದ ಪಂಜರ ಹೊರಗೆ ತರಲು ಆಗುವುದಿಲ್ಲ. ನಿಮ್ಮ ಯಜಮಾನರು ಮುಟ್ಟಿದರೆ ಮೊಯ್ದೀನಾಕನ ಅಂಗಡಿಗೆ ಕೇಳಬೇಕಿತ್ತು. ಕೇಳಲಿಲ್ಲ. ಸಾಬಿತ್‌ಗೆ ಸ್ಕ್ರೂ ತೆಗೆಯಲು ಕಾರಣ ಇಲ್ಲ, ಗಿಳಿಯನ್ನು ಹೊರಗಿಡಲು ಅವನು ಇಲ್ಲಿ ಇರಲೂ ಇಲ್ಲ. ಉಳಿದವರು ನೀವು ಒಬ್ಬರು."

ವಸುಧಾ ಕುರ್ಚಿಯಲ್ಲಿ ಕುಳಿತಳು.

"ನಿಮ್ಮ ಮನೆಯಲ್ಲಿಯೂ ಅದು ಮಾತಾಡಿತಾ?" ಎಂದು ಕೇಳಿದಳು.

"ನಿನ್ನೆ."

"ಎರಡೂ ಸ್ವರ?"

"ಎರಡೂ."

ಅವಳು ತಲೆಯಾಡಿಸಿದಳು. ಆಮೇಲೆ ಮಕ್ಕಳಿಗೆ ಪಾಠ ಹೇಳುವ ಸ್ವರದಲ್ಲಿ, ಏರಿಳಿತವಿಲ್ಲದೆ ಹೇಳಿದಳು.

"ಅವರು ಕಾಲೇಜಿಗೆ ಹೋದ ಮೇಲೆ, ನನಗೆ ಬಸ್ಸು ಬರುವ ತನಕ, ದಿನಾ ಅದರ ಹತ್ತಿರ ಕುಳಿತುಕೊಳ್ಳುತ್ತಿದ್ದೆ. ಶನಿವಾರ ಅವರು ಮಧ್ಯಾಹ್ನದ ಕ್ಲಾಸಿಗೆ ಹೋದಾಗ, ನನ್ನ ಶಾಲೆಗೆ ರಜೆ ಇದ್ದರೆ ಇಡೀ ದಿನ. ಮಗನ ಹಕ್ಕಿ, ಗರಿ ಕಿತ್ತುಕೊಂಡು ಸಾಯುವುದು ಬೇಡ ಅಂತ. ಅಷ್ಟೇ ಇದ್ದದ್ದು. ಅವರಿಗೆ ಹೇಳಿರಲಿಲ್ಲ. ಅವರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಹೆದರಿಕೆ ಪೂರಾ ಬಿಟ್ಟ ಮೇಲೆ, ಫೆಬ್ರವರಿಯಲ್ಲಿ, ಕರೆಂಟು ಬಿಲ್ಲಿನವನು ಬಾಗಿಲು ಬಡಿದ. ಆಗ ಹೇಳಿತು. ನಾನು ಮಗನ ಸ್ವರ ಕೇಳದೆ ಎರಡು ವರ್ಷ ಆಗುತ್ತಾ ಬಂದಿತ್ತು."

"ನಿಮ್ಮ ಯಜಮಾನರನ್ನು ಕೇಳಲಿಲ್ಲವಾ?"

"ಕೇಳಿದೆ. ಹಕ್ಕಿಗೆ ಏನು ಗೊತ್ತು, ಯಾವುದೋ ಟಿವಿಯಲ್ಲಿ ಕೇಳಿದ್ದನ್ನು ಹೇಳ್ತದೆ ಅಂದರು. ಮೇ ತಿಂಗಳಲ್ಲಿ ಮಂಗಳೂರಿನ ಯಾರಿಗೋ ಇದನ್ನು ಕೊಡುವುದು ಅಂತ ಮಾತಾಡಿಬಿಟ್ಟರು. ಜೂನಿನ ಆ ಭಾನುವಾರ ಒಯ್ಯುವವರು ಬರುವುದಿತ್ತು. ಒಂದು ದಿನ ಮೊದಲು ಮಾಡಿದೆ. ಸ್ಕ್ರೂ ತೆಗೆದೆ, ಕೊಳವೆ ಸರಿಸಿದೆ. ಗವಾಕ್ಷಿ ಮಳೆಗೆ ಮುಚ್ಚಿಯೇ ಇತ್ತು."

"ಸ್ಕ್ರೂ ಎಲ್ಲಿ?"

ಅವಳು ಶಾಲೆಯ ಚೀಲ ತೆಗೆದು, ಚಾಕ್‌ಪೀಸ್ ಡಬ್ಬಿಯಿಂದ ಎರಡು ಸ್ಕ್ರೂಗಳನ್ನು ಮೇಜಿನ ಮೇಲೆ ಇಟ್ಟಳು.

"ಬಿಸಾಡಬೇಕು ಅಂತ ನೆನಪೇ ಆಗಲಿಲ್ಲ," ಎಂದಳು.

"ಸಾಬಿತ್‌ನ ಮೇಲೆ ಕೇಸು ಬಿದ್ದದ್ದು ಗೊತ್ತಿತ್ತಲ್ಲ?" ಉಜ್ವಲ್ ಕೇಳಿದ.

"ಗೊತ್ತಿತ್ತು."

"ಏನೂ ಅನಿಸಲಿಲ್ಲವಾ?"

ಅವಳು ಯೋಚಿಸಿದಳು. "ಅನಿಸಬೇಕಿತ್ತು," ಎಂದಳು.

* * *

ಸಾಬಿತ್‌ನ ಹೆಸರನ್ನು ಕೇಸಿನಿಂದ ತೆಗೆಯಲು ಉಜ್ವಲ್ ಅಂದೇ ವರದಿ ಬರೆಸಿದ. ಚನಿಯಪ್ಪ ರಶೀನಾಳಿಗೆ ಫೋನ್ ಮಾಡಿ ಸ್ಕ್ರೂ ಸಿಕ್ಕಿತು ಎಂದ. ಅವಳು, "ಇವರಿಗೆ ಹೇಳ್ತೇನೆ ಸಾರ್," ಎಂದು ಇಟ್ಟಳು. ಮಸ್ಕತ್‌ನ ಕೆಲಸಕ್ಕೆ ಬೇರೆಯವರು ಸೇರಿ ತಿಂಗಳಾಗಿತ್ತು ಎಂದು ಅವನಿಗೆ ಆಮೇಲೆ ತಿಳಿಯಿತು.

ಮಧ್ಯಾಹ್ನ ವಸುಧಾಳನ್ನು ಬೆಳ್ತಂಗಡಿಯ ಕೋರ್ಟಿಗೆ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಅವಳು, ಮಹಿಳಾ ಕಾನ್‌ಸ್ಟೇಬಲ್, ಎದುರಿಗೆ ಚನಿಯಪ್ಪ. ಹೊಳೆಯ ಸೇತುವೆ ಬಂದಾಗ ಅವಳು ಹೊರಗೆ ನೋಡಲಿಲ್ಲ.

ಚನಿಯಪ್ಪ ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಶೋಧನ್‌ನ ಶೂ ಜಗಲಿಯಲ್ಲಿ ಇದೆ ಅಂತ ಆ ದಿವಸ ನಾನೇ ಬರೆದಿದ್ದೆ ಟೀಚರ್," ಎಂದ. "ನನ್ನದೇ ಕೈಯಲ್ಲಿ. ಕಾಲುಚೀಲ ಒಳಗಿತ್ತು ಅಂತಲೂ ಬರೆದಿದ್ದೆ. ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಅವನು ಮನೆಗೆ ಬಂದಿದ್ದ ಅಂತ ಅರ್ಥ ಆಗಬೇಕಿತ್ತು."

ಜೀಪು ಒಂದು ತಿರುವು ದಾಟಿತು. ವಸುಧಾ ಅವನ ಮುಖವನ್ನು ಮೊದಲ ಬಾರಿಗೆ ನೇರವಾಗಿ ನೋಡಿದಳು.

"ಆ ಶೂವನ್ನು ನಾನು ತೆಗೆದಿಟ್ಟಿರಲಿಲ್ಲ," ಎಂದಳು. "ಎರಡು ವರ್ಷ ದಿನಾ ಬೆಳಿಗ್ಗೆ ಎತ್ತಿ, ಕೆಳಗೆ ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದೆ. ನನಗೂ ಹೊಳೆದಿರಲಿಲ್ಲ."